ಒಂದು ಹಿಡಿ ಹಳೇ ಹುಲ್ಲು

ಮೊಲದಕ್ಕನ ಬಾಯಿ ಜೋರು ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ. ಹಾಲಿನವನು ಅರ್ಧ ಗಂಟೆ ತಡಮಾಡಿದರೆ ಸಾಕು, ಅವಳ ದನಿ ಮೂರನೇ ತಿರುವಿನ ತನಕ ಕೇಳಿಸುತ್ತಿತ್ತು. ಅದೇ ಹೆಂಗಸು ಶೆಡ್ಡಿನೊಳಗೆ ಕಾಲಿಟ್ಟಳೆಂದರೆ ಪಿಸುಮಾತಿಗಿಂತ ಮೇಲೆ ಹೋಗುತ್ತಿರಲಿಲ್ಲ. ಮೊಲ ಬೆಚ್ಚಿಬಿದ್ದರೆ ಒದ್ದಾಡಿ ತನ್ನ ಬೆನ್ನನ್ನು ತಾನೇ ಮುರಿದುಕೊಳ್ಳುತ್ತದೆ. ಹಾಗಾಗಿ ಅವಳ ಸಿಟ್ಟೆಲ್ಲ ಮನುಷ್ಯರ ಪಾಲಿಗೆ, ಸಮಾಧಾನವೆಲ್ಲ ಮೊಲಗಳ ಪಾಲಿಗೆ ಎಂದು ಹಂಚಿಹೋಗಿತ್ತು. ಗಂಡ ಲಾರಿ ಓಡಿಸುವವನು, ತಿಂಗಳಿಗೆರಡು ಸಲ ಮನೆ ಕಾಣುವವನು. "ಮುಂದಿನ ಜನ್ಮದಲ್ಲಿ ನಿನ್ನ ಶೆಡ್ಡಲ್ಲೇ ಹುಟ್ತೀನಿ ಬಿಡು" ಅನ್ನುತ್ತಿದ್ದ.

ಶೆಡ್ಡಿನಲ್ಲಿ ನಾಲ್ಕು ಸಾಲು ತಂತಿಗೂಡು. ನೂರ ನಲವತ್ತು ಉಣ್ಣೆ ಮೊಲ. ಮೂರು ತಿಂಗಳಿಗೊಮ್ಮೆ ಒಂದೊಂದನ್ನೇ ತೊಡೆಯ ಮೇಲೆ ಮಲಗಿಸಿಕೊಂಡು, ಬಾಚಿ, ಕತ್ತರಿಯಿಂದ ಉಣ್ಣೆ ತೆಗೆದು, ಉದ್ದದ್ದು ಒಂದು ಬುಟ್ಟಿ, ಗಿಡ್ಡದ್ದು ಒಂದು ಬುಟ್ಟಿ, ಗಂಟುಬಿದ್ದದ್ದು ಇನ್ನೊಂದು ಬುಟ್ಟಿ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಗೇಟಿನ ಮೇಲೆ ಪಶು ಇಲಾಖೆಯವರು ಕೊಟ್ಟ ಹಸಿರು ತಗಡಿನ ಬೋರ್ಡು: ಮಾದರಿ ಮೊಲ ಶೆಡ್. ವಾರಕ್ಕೊಮ್ಮೆ ಅದನ್ನು ಒರೆಸುವುದೂ ಅವಳ ಕೆಲಸದಲ್ಲಿ ಸೇರಿತ್ತು.

ಆ ಮಂಗಳವಾರ ಬೆಳಿಗ್ಗೆ ದನದ ಡಾಕ್ಟರು ಬಂದಾಗ ಅವರ ಮುಖ ನೋಡಿಯೇ ಅವಳು ಕತ್ತರಿ ಕೆಳಗಿಟ್ಟಳು. ದನ, ಕುರಿ, ಮೊಲ ಎಲ್ಲಕ್ಕೂ ಅವರೇ ಡಾಕ್ಟರು. ಒಳ್ಳೆಯ ಮನುಷ್ಯ. ಆದರೆ ಕೈಯಲ್ಲಿ ಕಾಗದವಿದ್ದರೆ ಎದುರಿನವರ ಕಣ್ಣು ನೋಡುತ್ತಿರಲಿಲ್ಲ.

"ಹೋದ ವಾರ ಹನ್ನೆರಡು ಮೊಲದ ರಕ್ತ ತಗೊಂಡಿದ್ವಲ್ಲ ಅಕ್ಕ. ಒಂಬತ್ತು ಪಾಸಿಟಿವ್ ಬಂದಿದೆ."

"ಏನದು ಪಾಸಿಟಿವ್?"

"ನದಿ ಆಚೆ ಊರಲ್ಲಿ ಮೂಗಲ್ಲಿ ರಕ್ತ ಬಂದು ಎರಡೇ ದಿನಕ್ಕೆ ಶೆಡ್ಡಿಗೆ ಶೆಡ್ಡೇ ಮಲಗಿತಲ್ಲ, ಆ ರೋಗದ ಗುರುತು. ಪಾಸಿಟಿವ್ ಬಂದ ಶೆಡ್ಡು ಖಾಲಿ ಮಾಡ್ಬೇಕು ಅಂತ ಮೇಲಿಂದ ಆದೇಶ."

"ಖಾಲಿ ಅಂದ್ರೆ?"

ಡಾಕ್ಟರು ಕಾಗದವನ್ನು ಇನ್ನೊಮ್ಮೆ ಓದಿದರು. ಓದಲು ಅದರಲ್ಲಿ ಇನ್ನೇನೂ ಉಳಿದಿರಲಿಲ್ಲ.

"ಎಲ್ಲಾನೂ."

ಮೊಲದಕ್ಕ ಅವರ ತೋಳು ಹಿಡಿದು ಶೆಡ್ಡಿನಿಂದ ಹೊರಗೆ ಎಳೆದುಕೊಂಡು ಬಂದಳು. ಹೊರಗೆ ಬಂದಮೇಲೆಯೇ ಬಾಯಿ ಬಿಟ್ಟಳು. "ನನ್ನ ಶೆಡ್ಡಲ್ಲಿ ಯಾವುದು ಮಲಗಿದೆ ತೋರಿಸಿ! ಒಂದು ಸೀನಿದೆಯಾ? ಒಂದು ಮೇವು ಬಿಟ್ಟಿದೆಯಾ? ರೋಗ ಇದ್ರೆ ಸಾಯ್ಬೇಕು, ಸತ್ತಿಲ್ಲ ಅಂದ್ರೆ ರೋಗ ಇಲ್ಲ. ಇಷ್ಟು ತಿಳಿಯೋಕೆ ಯಾವ ಕಾಲೇಜು ಬೇಕು?"

"ಕಿರುಚಬೇಡಿ ಅಕ್ಕ. ನಂಗೂ ಅದೇ ಅನುಮಾನ. ಹದಿನಾಲ್ಕು ದಿನ ಟೈಮ್ ಇದೆ. ಅಷ್ಟರೊಳಗೆ ದೊಡ್ಡ ಲ್ಯಾಬಿನವರು ಬೇರೆ ಏನಾದ್ರೂ ಅಂತ ತೋರಿಸಿದ್ರೆ ಆದೇಶ ವಾಪಸ್. ನಾಳೆ ಒಬ್ಬರು ಬರ್ತಾರೆ." ಕಾಗದ ಮಡಚುತ್ತಾ ಸೇರಿಸಿದರು, "ನಿಮ್ಮ ತಮ್ಮನ ಶೆಡ್ಡಿಗೂ ಇದೇ ಕಾಗದ ಕೊಟ್ಟು ಬಂದೆ."

ತಮ್ಮನ ಹೆಸರು ಕಿವಿಗೆ ಬಿದ್ದದ್ದೇ ಅವಳು ಶೆಡ್ಡಿನತ್ತ ತಿರುಗಿದಳು. ನಾಲ್ಕು ವರ್ಷದಿಂದ ಅವನ ಮಾತೆತ್ತುವುದು ಬಿಟ್ಟಿದ್ದಳು.

ಆ ಕತೆ ಇಷ್ಟೇ. ಅಕ್ಕತಮ್ಮ ಇಬ್ಬರೂ ಅಮ್ಮನ ಶೆಡ್ಡಿನಲ್ಲೇ ಬೆಳೆದವರು. ಏಳು ವರ್ಷದ ಹಿಂದೆ ಅಮ್ಮನ ಕೈಲಾಗದೆ ಹೋದಾಗ ಮೊಲಗಳನ್ನು ಸರಿಯಾಗಿ ಅರ್ಧರ್ಧ ಮಾಡಿ ಇಬ್ಬರಿಗೂ ಕೊಟ್ಟು, ತಾನು ಮಗನ ಮನೆಯಲ್ಲಿ ಉಳಿದಳು. ಮೊಲದ ಜೊತೆ ಅಮ್ಮ ಒಂದು ಪಾಠವನ್ನೂ ಕೊಟ್ಟಿದ್ದಳು. ಮರಿಗೆ ಹಾಲು ಬಿಡಿಸಿ ಬೇರೆ ಗೂಡಿಗೆ ಹಾಕುವಾಗ ತಾಯಿಯ ಗೂಡಿನಿಂದ ಒಂದು ಹಿಡಿ ಹಳೇ ಹುಲ್ಲು, ಹಿಕ್ಕೆ ಸಮೇತ, ಮರಿಗಳ ಗೂಡಿಗೆ ಹಾಕಬೇಕು. ತಾಯಿಯ ವಾಸನೆ ಮೂಗಿಗೆ ಬಿದ್ದರೆ ಮರಿ ಮೂಲೆ ಬಿಟ್ಟು ಬಂದು ಮೇವಿಗೆ ಬಾಯಿ ಹಾಕುತ್ತದೆ. ಇಲಾಖೆಯವರು ಮಾತ್ರ ಹಳೇ ಹುಲ್ಲು ಸುಡಿ, ಗೂಡನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ, ಒಂದು ಗೂಡಿನದು ಇನ್ನೊಂದಕ್ಕೆ ಹೋಗಕೂಡದು ಎಂದು ತರಬೇತಿಯಲ್ಲಿ ತಲೆಗೆ ಮೊಳೆ ಹೊಡೆದ ಹಾಗೆ ಹೇಳುತ್ತಿದ್ದರು.

ಬೋರ್ಡು ಕೊಡುವ ವರ್ಷ ಇಬ್ಬರ ಹೆಸರೂ ಕೊನೆಗೆ ಉಳಿಯಿತು. ತುಂಬಿದ ಸಭೆಯಲ್ಲಿ ಡಾಕ್ಟರು, ಹಳೇ ಹುಲ್ಲು ಹಾಕುತ್ತೀರಾ ಎಂದು ತಮ್ಮನನ್ನು ಕೇಳಿದರು. ಅವನು ಗಡ್ಡ ಕೆರೆದುಕೊಳ್ಳುತ್ತಾ, "ಹಾಕ್ತೀನಿ ಸಾರ್. ಅಮ್ಮ ಹಾಕ್ತಿದ್ಲು, ನಾನೂ ಹಾಕ್ತೀನಿ. ಮರಿ ತಿಂತವೆ" ಅಂದ. ಸಭೆ ನಕ್ಕಿತು. ಆಮೇಲೆ ಅಕ್ಕನನ್ನು ಕೇಳಿದರು. ಅವಳು, "ಛೆ, ಅದೆಲ್ಲ ಹಳೇ ಕಾಲದ ಕೊಳಕು ಪದ್ಧತಿ. ನಾನು ಯಾವತ್ತೋ ಬಿಟ್ಟೆ" ಅಂದಳು. ತಮ್ಮ ತಿರುಗಿ ಅವಳ ಮುಖವನ್ನು ನೋಡಿದ, ಅಷ್ಟೇ. ಆಮೇಲೆ ಅವಳ ಹೊಸಿಲು ತುಳಿಯಲಿಲ್ಲ.

ಬಿಟ್ಟಿದ್ದಳೇ? ಬೋರ್ಡು ಬಂದ ವಾರ ನಿಜಕ್ಕೂ ಬಿಟ್ಟಳು. ಒಂಬತ್ತು ಮರಿಗಳು ತೊಳೆದ ಗೂಡಿನ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಎರಡು ದಿನ ಏನೂ ಮುಟ್ಟದೆ ಕೂತವು. ಮೂರನೇ ದಿನ ಸುತ್ತಮುತ್ತ ನೋಡಿ, ಸೆರಗಿನ ಮರೆಯಲ್ಲಿ ಒಂದು ಹಿಡಿ ಹುಲ್ಲು ತಂದು ಹಾಕಿದಳು. ತಿಂದವು. ಅಂದಿನಿಂದ ಪ್ರತಿ ಸಲವೂ ಹಾಕುತ್ತಿದ್ದಳು, ತರಬೇತಿಗೆ ಬಂದ ಹೆಂಗಸರಿಗೆ ಮಾತ್ರ ಹಾಕಬೇಡಿ ಎಂದು ಪಾಠ ಮಾಡುತ್ತಿದ್ದಳು. ಸ್ವಂತ ಶೆಡ್ಡಿಗೆ ತಾನೇ ಕಳ್ಳಿಯ ಹಾಗೆ ಹೋಗಿಬರುವುದು ಎಂಥ ಬಾಳು ಅನ್ನಿ.

ಮರುದಿನ ಬಂದ ಲ್ಯಾಬಿನಾಕೆಗೆ ಅವಳು ನೋಡಿದ ಐದೇ ನಿಮಿಷದಲ್ಲಿ ಹಿಕ್ಕೆ ಮೇಡಂ ಎಂದು ಹೆಸರಿಟ್ಟಳು. ಕಿವಿಯ ಮೇಲೆ ಕೂದಲು ನರೆತ, ಕಾಲಿಗಿಂತ ದೊಡ್ಡ ರಬ್ಬರ್ ಬೂಟು ಹಾಕಿಕೊಂಡ ಹೆಂಗಸು. ಐಸು ತುಂಬಿದ ಡಬ್ಬಿ ಇಳಿಸಿದವಳೇ ನೆಲಕ್ಕೆ ಕೂತು ಹಿಕ್ಕೆ ಆರಿಸತೊಡಗಿದಳು. ಆದರೆ ಮಾತು ಚೆನ್ನಾಗಿತ್ತು.

"ನೋಡಿ ಅಕ್ಕ, ಆ ಕೊಲೆಗಾರ ವೈರಸ್ಸಿಗೆ ಒಬ್ಬ ದಾಯಾದಿ ಇದ್ದಾನೆ. ತುಂಬಾ ಸಾಧು. ಮರಿಯ ಕರುಳಲ್ಲಿ ನಾಲ್ಕು ದಿನ ಇದ್ದು, ಹಿಕ್ಕೆ ಜೊತೆ ಹೊರಗೆ ಹೋಗ್ತಾನೆ. ಮರಿಗೆ ಗೊತ್ತೂ ಆಗಲ್ಲ."

"ದಾಯಾದಿ ಸಾಧು ಆಗಿರೋದು ನಾನಂತೂ ಎಲ್ಲೂ ಕಂಡಿಲ್ಲ."

ಹಿಕ್ಕೆ ಮೇಡಂ ನಕ್ಕಳು. "ಮೊಲದಲ್ಲಿ ಇದ್ದಾರೆ. ತೊಂದರೆ ಏನಂದ್ರೆ, ಬಂದುಹೋದೋನು ರಕ್ತದಲ್ಲಿ ಒಂದು ಗುರುತು ಬಿಟ್ಟು ಹೋಗ್ತಾನೆ. ಕೊಲೆಗಾರನ ಗುರುತೂ ಸಾಧುವಿನ ಗುರುತೂ ರಕ್ತ ಪರೀಕ್ಷೆಗೆ ಒಂದೇ ಥರ ಕಾಣುತ್ತೆ. ಯಾರು ಅಂತ ಗೊತ್ತಾಗ್ಬೇಕಾದ್ರೆ ವೈರಸ್ಸನ್ನೇ ಹಿಡಿದು, ಅದರ ವಂಶಾವಳಿ ಓದಬೇಕು. ಯಾವಾಗಲೋ ಬಂದುಹೋದ ದೊಡ್ಡ ಮೊಲದ ಮೈಯಲ್ಲಿ ಅದು ಇರಲ್ಲ, ಗುರುತಷ್ಟೇ ಇರುತ್ತೆ; ಗೂಡಿನ ಹಳೇ ಹುಲ್ಲಲ್ಲಿ ಒಣಗಿ ಉಳಿದಿದ್ರೂ ನಮ್ಮ ಪರೀಕ್ಷೆಗೆ ಸಿಗದಷ್ಟು ಕಮ್ಮಿ. ಆಗಷ್ಟೇ ಅಂಟಿಸಿಕೊಂಡ ಮೊಲ ಬೇಕು. ಅದಕ್ಕೇ ಕೇಳ್ತಿದ್ದೀನಿ, ಯಾವ ಗೂಡಿಂದ ಯಾವ ಗೂಡಿಗೆ ಏನು ಹೋಗುತ್ತೆ? ಹುಲ್ಲು, ಹಿಕ್ಕೆ, ಏನಾದ್ರೂ ಸರಿ."

ಮೊಲದಕ್ಕ ಬಾಯಿ ತೆರೆದಳು. ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಅವರ ಹಿಂದೆ ಗೇಟು, ಗೇಟಿನ ಮೇಲೆ ಹಸಿರು ಬೋರ್ಡು.

"ಏನೂ ಹೋಗಲ್ಲ" ಅಂದಳು.

"ನಾಲ್ಕನೇ ಸಾಲಲ್ಲಿ ಮರಿಗಳಿವೆಯಲ್ಲ?"

"ಅವಾ? ಐದು ದಿನದ ಹಿಂದೆ ಹಾಲು ಬಿಡಿಸಿದ್ದು. ತೊಳೆದ ಗೂಡು, ಹೊಸ ಹುಲ್ಲು."

"ನಮ್ಮಕ್ಕನ ಶೆಡ್ಡಲ್ಲಿ ಆ ಚಿಂತೆ ಇಲ್ಲ ಮೇಡಂ" ಎಂದು ಡಾಕ್ಟರು ಹೆಮ್ಮೆಯಿಂದ ಸೇರಿಸಿದರು.

"ಹಾಗಾದ್ರೆ ಆ ಮರಿಗಳಿಗೆ ಅಂಟೋಕೆ ದಾರಿ ಇಲ್ಲ. ಬಂದಿದ್ರೆ ನೀರಿನ ಪೈಪಲ್ಲೇ ಬಂದಿರ್ಬೇಕು" ಎಂದು ಮೇಡಂ ಲೆಕ್ಕ ಹಾಕಿದಳು. ನೀರಿನ ತೊಟ್ಟಿಯ ಹತ್ತಿರದ ಎರಡು ಸಾಲುಗಳ ದೊಡ್ಡ ಮೊಲಗಳ ಹಿಕ್ಕೆಯನ್ನು ಸೀಸೆಗಳಲ್ಲಿ ತುಂಬಿಕೊಂಡು ಹೋದಳು.

ಶನಿವಾರ ಇನ್ನೊಂದು ತಾಯಿಯಿಂದ ಏಳು ಮರಿಗಳನ್ನು ಬೇರೆ ಮಾಡುವ ದಿನ. ಇನ್ನು ಹತ್ತು ದಿನಕ್ಕೆ ಕೊಲ್ಲಲು ಹೆಸರು ಬರೆಸಿಕೊಂಡ ಮರಿಗಳು ತಿಂದರೇನು ಬಿಟ್ಟರೇನು ಎಂದು ಇನ್ನೊಬ್ಬಳಾಗಿದ್ದರೆ ಸುಮ್ಮನಿರುತ್ತಿದ್ದಳು. ಇವಳಿಂದ ಆಗಲಿಲ್ಲ. ಮೊದಲನೇ ಸಾಲಿನ ಕೊನೆಯ ಗೂಡಿನಲ್ಲಿ ಅಜ್ಜಿ ಎಂಬ ಮುದಿ ಮೊಲವಿತ್ತು, ಅಮ್ಮ ಕೊಟ್ಟ ಪಾಲಿನಲ್ಲಿ ಉಳಿದ ಕೊನೆಯದು. ಅದರ ಗೂಡಿನದೊಂದು ಹಿಡಿ, ತಾಯಿಯ ಗೂಡಿನದೊಂದು ಹಿಡಿ ಹುಲ್ಲು ತಂದು ಹಾಕಿದಳು. ಅಜ್ಜಿ ಅವಳ ಮಣಿಕಟ್ಟನ್ನು ನೆಕ್ಕಿತು. ಮೊಲದಕ್ಕ ಬುಟ್ಟಿಗಳ ಹಿಂದೆ ಹೋಗಿ ಅತ್ತಳು. ಅಲ್ಲೂ ಸದ್ದು ಮಾಡದೆ ಅತ್ತಳು.

ಭಾನುವಾರ ಅಮ್ಮ ಬಂದಳು. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ, ಬಟ್ಟೆಯ ಚೀಲ ತೋಳಿಗೆ ಹಾಕಿಕೊಂಡು ಬರುವುದು ಅವಳ ವಾಡಿಕೆ. ಬಂದವಳು ಮನೆಗಿಂತ ಮೊದಲು ಶೆಡ್ಡಿಗೇ ಹೋಗುತ್ತಿದ್ದಳು. ಆಕೆಗೆ ಕಾಗದದ ವಿಷಯ ಗೊತ್ತಿತ್ತು, ಮಗನ ಮನೆಯಲ್ಲೂ ಅದೇ ಕಾಗದವಲ್ಲ.

"ಅವನು ಏನು ಮಾಡ್ತಿದ್ದಾನೆ?" ಮೊಲದಕ್ಕ ಕೇಳಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

"ಗೂಡಿನ ಮುಂದೆ ಕೂತಿರ್ತಾನೆ. ಅನ್ನ ತಟ್ಟೆಗೆ ಹಾಕಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ನಿನ್ನ ಹಾಗೇನೇ."

ಬುಧವಾರ ಡಾಕ್ಟರ ಫೋನು ಬಂತು. "ನಿಮ್ಮ ಶೆಡ್ಡಿನ ಹಿಕ್ಕೆಲಿ ಏನೂ ಸಿಗಲಿಲ್ಲ ಅಕ್ಕ."

"ಸಿಗಲಿಲ್ಲ ಅಂದ್ರೆ ಒಳ್ಳೇದಲ್ವಾ?"

"ಅಲ್ಲ. ಸಾಧು ಅಂತ ತೋರಿಸೋಕೆ ಸಾಧು ಸಿಗ್ಬೇಕಲ್ಲ. ಸಿಗದಿದ್ರೆ ರಕ್ತದ ಗುರುತು ಕೊಲೆಗಾರನದ್ದೇ ಅಂತ ಮೇಲಿನವರು ತಗೋತಾರೆ." ಅವರ ದನಿ ಇಳಿಯಿತು. "ನಿಮ್ಮ ತಮ್ಮನ ಶೆಡ್ಡಲ್ಲಿ ಸಿಕ್ತು. ಅವರದ್ದು ಬಚಾವಾಯ್ತು. ಮೇಡಂ ಗೇಟಿಗೆ ಹೋದ ತಕ್ಷಣ ಅವರೇ ಹೇಳಿದ್ರಂತೆ, ಸೋಮವಾರ ಈ ಗೂಡಿನ ಹುಲ್ಲು ಆ ಗೂಡಿಗೆ ಹಾಕಿದೆ ಅಂತ. ಆ ಮರಿಗಳ ಹಿಕ್ಕೆಲೇ ಸಿಕ್ತು."

ಫೋನು ಇಟ್ಟ ಮೇಲೆ ಅವಳು ಶೆಡ್ಡಿಗೆ ಹೋಗಿ ನಾಲ್ಕೂ ಸಾಲಿನ ನಡುವೆ ಒಂದು ಸುತ್ತು ಬಂದಳು. ನೂರ ನಲವತ್ತು ಜೊತೆ ಕಿವಿಗಳು ಅವಳ ಹೆಜ್ಜೆಯ ಕಡೆಗೆ ತಿರುಗಿದವು. ಮೇವಿನ ಡಬ್ಬಿ ತಂದಳೆಂದು ಅವು ತಿಳಿದಿದ್ದವು. ಒಂದು ತಗಡಿನ ತುಂಡಿಗೋಸ್ಕರ ಇಷ್ಟು ಜೀವ ಎಂದು ಒಂದು ಸಲ ಮನಸ್ಸಿನಲ್ಲೇ ಅಂದುಕೊಂಡಳು. ಎರಡನೇ ಸಲ ಅಂದುಕೊಳ್ಳಲು ಧೈರ್ಯ ಬರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ದನದ ಆಸ್ಪತ್ರೆಗೆ ನಡೆದುಹೋದಾಗ ಅಲ್ಲಿ ತರಬೇತಿ ನಡೆಯುತ್ತಿತ್ತು. ಹೊಸದಾಗಿ ಮೊಲ ಸಾಕಲು ಹೊರಟ ಇಪ್ಪತ್ತು ಹೆಂಗಸರು ಬೆಂಚುಗಳ ಮೇಲೆ ಕೂತಿದ್ದರು. ಡಾಕ್ಟರು ಗೋಡೆಯ ಮೇಲೆ ಅವಳದ್ದೇ ಶೆಡ್ಡಿನ ಫೋಟೋ ತೋರಿಸುತ್ತಿದ್ದರು.

"ಬನ್ನಿ ಅಕ್ಕ, ಬನ್ನಿ. ಇವರೇ ನೋಡ್ರಮ್ಮ ನಾನು ಹೇಳ್ತಿದ್ದ..."

"ನಾನು ಸುಳ್ಳಿ!" ಅಂದಳು ಮೊಲದಕ್ಕ. ಮೆಲ್ಲಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಬಾಯಿ ಎಂದಿನ ಬಾಯಿಯೇ, ಮೂರನೇ ತಿರುವಿನ ತನಕ ಹೋಯಿತು. "ಹಳೇ ಹುಲ್ಲು ನಾನೂ ಹಾಕ್ತೀನಿ. ನಾಲ್ಕು ವರ್ಷದಿಂದ ಹಾಕ್ತಿದ್ದೀನಿ. ಬೋರ್ಡಿನ ಆಸೆಗೆ ಆವತ್ತು ತುಂಬಿದ ಸಭೇಲಿ ತಮ್ಮನ್ನ ಕೊಳಕ ಅಂದೆ. ಕೊಳಕಿ ನಾನು."

ಬೆಂಚಿನ ಮೇಲೆ ಒಬ್ಬಳು ಕಿಸಕ್ಕನೆ ನಕ್ಕಳು. ಡಾಕ್ಟರ ಕಿವಿ ಕೆಂಪಾಯಿತು.

"ನಾಲ್ಕು ವರ್ಷ! ಎಷ್ಟು ಜನರನ್ನ ನಿಮ್ಮ ಶೆಡ್ಡಿಗೆ ಕರ್ಕೊಂಡು ಬಂದೆ ನಾನು. ಮುಖ ಎಲ್ಲಿ ಇಟ್ಕೊಳ್ಲಿ? ಆ ಮೇಡಂ ಎದುರೂ..."

"ಆಮೇಲೆ ಬೈಯಿರಿ ಡಾಕ್ಟ್ರೇ, ಹೊಟ್ಟೆ ತುಂಬ ಬೈಯಿರಿ, ನಿಂತು ಕೇಳ್ತೀನಿ. ಮೊದ್ಲು ಹಿಕ್ಕೆ ಮೇಡಂಗೆ ಫೋನ್ ಮಾಡಿ. ಏಳು ಮರಿಗೆ ಶನಿವಾರ ಹುಲ್ಲು ಹಾಕಿದ್ದೀನಿ. ಇವತ್ತಿಗೆ ಐದು ದಿನ. ನಾಲ್ಕು ದಿನ ಅಂದಿದ್ರು ಅವರು. ಅದು ಹೊರಟುಹೋಗೋಕೆ ಮುಂಚೆ ಬರೋಕೆ ಹೇಳಿ!"

ಡಾಕ್ಟರು ಒಂದು ಕ್ಷಣ ಅವಳನ್ನು ನೋಡಿದರು. ಈ ಸಲ ಕೈಯಲ್ಲಿ ಕಾಗದವಿರಲಿಲ್ಲ, ಕಣ್ಣನ್ನೇ ನೋಡಿದರು. ಆಮೇಲೆ ಫೋನು ತೆಗೆದರು.

ಹಿಕ್ಕೆ ಮೇಡಂ ಮಧ್ಯಾಹ್ನಕ್ಕೆ ಮುಂಚೆ ಬಂದಳು. ಬೈಯಲಿಲ್ಲ. "ಯಾವ ಗೂಡಿನ ಹುಲ್ಲು, ಯಾವ ದಿನ, ಎಷ್ಟು ಹೊತ್ತಿಗೆ?" ಎಂದು ಕೇಳಿ ಬರೆದುಕೊಂಡಳು. ಏಳು ಮರಿಗಳ ಹಿಕ್ಕೆ ಏಳು ಸೀಸೆ, ಅದಕ್ಕೂ ಮುಂಚಿನ ಮರಿಗಳದ್ದು ಎಂಟು ಸೀಸೆ. ಹೊರಡುವಾಗ ಮಾತ್ರ ಒಂದು ಮಾತು ಅಂದಳು. "ಮೊದಲ ದಿನವೇ ಹೇಳಿದ್ರೆ ಇಷ್ಟು ಹೊತ್ತಿಗೆ ಮುಗಿದಿರ್ತಿತ್ತು ಅಕ್ಕ. ಇದೂ ಸಿಗದಿದ್ರೆ ಇನ್ನೊಂದು ಸಲ ನೋಡೋಕೆ ದಿನ ಇಲ್ಲ."

ಶುಕ್ರವಾರ, ಶನಿವಾರ, ಭಾನುವಾರ. ಮೊಲದಕ್ಕ ಆ ಮೂರು ದಿನ ಯಾರ ಮೇಲೂ ಕೂಗಾಡಲಿಲ್ಲ. ಹಾಲಿನವನು ಹೆದರಿ, ಹುಷಾರಿಲ್ಲವೇ ಎಂದು ಎರಡು ಸಲ ಕೇಳಿದ. ಅಮ್ಮ ಶುಕ್ರವಾರವೇ ಬಂದು ಉಳಿದುಕೊಂಡಳು. ಇಬ್ಬರೂ ಸೇರಿ, ಕತ್ತರಿಸುವ ದಿನ ಬಂದಿರದ ಮೊಲಗಳನ್ನೂ ಸುಮ್ಮನೆ ಬಾಚುತ್ತಾ ಕೂತರು.

ಸೋಮವಾರ ಡಾಕ್ಟರೂ ಮೇಡಮ್ಮೂ ಒಟ್ಟಿಗೆ ಬಂದರು. ಅವಸರದಲ್ಲಿ ಮೇಡಂ ಬೂಟು ಹಾಕುವುದನ್ನೇ ಮರೆತಿದ್ದಳು. ಚಪ್ಪಲಿಯಲ್ಲೇ ಒಳಗೆ ಬಂದು, ಮೇವಿನ ಪೀಪಾಯಿಯ ಮೇಲೆ ಒಂದು ಹಾಳೆ ಹರಡಿದಳು. ಹಾಳೆಯ ಮೇಲೆ ಕವಲೊಡೆದ ಗೆರೆಗಳು.

"ಸಾಧುವೇ" ಅಂದಳು. "ಹದಿನೈದರಲ್ಲಿ ಹನ್ನೊಂದು ಮರಿಯಲ್ಲಿ ಸಿಕ್ಕಿದ. ಕೊಲೆಗಾರನ ಸುಳಿವೇ ಇಲ್ಲ."

ಮೊಲದಕ್ಕ ಅಲ್ಲೇ ನೆಲಕ್ಕೆ ಕೂತಳು. ಅವಳ ಬಾಯಿಂದ ಮಾತು ಬರುವ ತನಕ ಕಾಯಬೇಕಾದ ಪ್ರಸಂಗ ಡಾಕ್ಟರಿಗೆ ಇದೇ ಮೊದಲು.

"ಆದೇಶ?"

"ವಾಪಸ್. ಬೆಳಿಗ್ಗೆನೇ ಸಹಿ ಹಾಕಿಸ್ಕೊಂಡು ಬಂದೆ. ನದಿ ಆಚೆ ಕೊಲೆಗಾರ ಇನ್ನೂ ಇದ್ದಾನೆ, ಎಲ್ಲದಕ್ಕೂ ಲಸಿಕೆ ಹಾಕಿಸ್ಬೇಕು."

"ಈ ಸಾಧು ಬಂದುಹೋಗಿದ್ದಕ್ಕೆ ಸ್ವಲ್ಪ ರಕ್ಷಣೆ ಸಿಕ್ಕಿದ್ರೂ ಸಿಕ್ಕಿರ್ಬಹುದು" ಅಂದಳು ಮೇಡಂ. "ಅದನ್ನೇ ನಂಬಿ ಕೂರಬೇಡಿ. ಹಳೇ ಹುಲ್ಲಿನ ಜೊತೆ ಬೇರೆ ಹೊಟ್ಟೆರೋಗವೂ ಹೋಗುತ್ತೆ, ಡಾಕ್ಟ್ರು ಹೇಳಿದ್ದು ತಪ್ಪಲ್ಲ." ಆಮೇಲೆ ಬೆರಳನ್ನು ಗೆರೆಗಳ ಮೇಲೆ ಆಡಿಸಿದಳು. "ನನಗೆ ಸೋಜಿಗ ಇದು. ಒಂದೇ ಶೆಡ್ಡಲ್ಲಿ ಮೂರು ಮನೆತನ. ಇದು ಅಜ್ಜಿ ಗೂಡಿಂದ ಹೋಗಿದ್ದು, ನೀವು ಹೇಳಿದ ದಾರಿಗೆ ಸರಿ ಹೊಂದುತ್ತೆ. ಇದು ಇನ್ನೊಂದು ತಾಯಿಯ ಗೂಡಿಂದು. ಇವೆರಡೂ ನಿಮ್ಮ ಶೆಡ್ಡಲ್ಲೇ ವರ್ಷಗಟ್ಟಲೆ ಮರಿಯಿಂದ ಮರಿಗೆ ದಾಟಿ ಬೇರೆಬೇರೆ ಆಗಿರೋದು. ಈ ಮೂರನೇದು ಮಾತ್ರ ನಿಮ್ಮದಲ್ಲ. ನಿಮ್ಮ ತಮ್ಮನ ಶೆಡ್ಡಲ್ಲಿ ಸಿಕ್ಕಿದ್ದೂ ಇದೂ ಅವಳಿಜವಳಿ ಇದ್ದ ಹಾಗಿದೆ."

"ಸಾಧ್ಯವೇ ಇಲ್ಲ!" ಬಾಯಿ ವಾಪಸ್ ಬಂತು. "ನಾಲ್ಕು ವರ್ಷದಿಂದ ಅವನ ಶೆಡ್ಡಿನ ಒಂದು ಕೂದಲು ಈ ಗೇಟು ದಾಟಿಲ್ಲ."

"ಅಕ್ಕಾ" ಅಂದರು ಡಾಕ್ಟರು, "ಮತ್ತೆ ಶುರು ಮಾಡಬೇಡಿ."

"ನನ್ನ ಮೊಲಗಳ ಆಣೆ ಡಾಕ್ಟ್ರೇ, ಈ ಸಲ ಇಲ್ಲ!"

ಮೂಲೆಯಲ್ಲಿ ಮೊಲ ಬಾಚುತ್ತಿದ್ದ ಅಮ್ಮನ ಕೈ ನಿಂತಿತ್ತು. ಎಲ್ಲರೂ ಅತ್ತ ನೋಡಿದರು. ಆಕೆ ಬಟ್ಟೆಯ ಚೀಲವನ್ನು ಕಾಲಿನಿಂದ ಮೆಲ್ಲಗೆ ಬುಟ್ಟಿಯ ಹಿಂದಕ್ಕೆ ತಳ್ಳಿದಳು. ತಡವಾಗಿತ್ತು. ಚೀಲದ ಬಾಯಿಯಿಂದ ನಾಲ್ಕು ಎಳೆ ಒಣಹುಲ್ಲು ಇಣುಕುತ್ತಿತ್ತು.

"ಅಮ್ಮಾ?"

"ಏನು ಅಮ್ಮಾ? ಬರುವಾಗ ಅಲ್ಲಿಂದೊಂದು ಹಿಡಿ, ಹೋಗುವಾಗ ಇಲ್ಲಿಂದೊಂದು ಹಿಡಿ. ನೀನು ಕಾಫಿ ಕಾಯಿಸೋಕೆ ಒಳಗೆ ಹೋದಾಗ ಮರಿಗಳ ಗೂಡಿಗೆ ಹಾಕ್ತಿದ್ದೆ." ಮುದುಕಿ ಗದ್ದ ಎತ್ತಿದಳು. "ಎರಡು ಕಡೆಯವೂ ನನ್ನ ಮೊಲಗಳೇ. ನೀವಿಬ್ಬರು ಮಾತು ಬಿಟ್ಟಿರಿ ಅಂತ ಅವೂ ನೆಂಟಸ್ತಿಕೆ ಬಿಡ್ಬೇಕಾ?"

ಮೇಡಂ ಹಾಳೆಯತ್ತ ಬಗ್ಗಿ ನೋಡಿದಳು. "ಅವರ ಶೆಡ್ಡಲ್ಲೂ ಉಳಿದವಕ್ಕೆ ಹೊಂದದ್ದು ಒಂದು ಸಿಕ್ಕಿತ್ತು, ನೋಡಿದ್ರೆ ಅದು ಈ ಅಜ್ಜಿಯ ಮನೆತನದ್ದು. ಎಲ್ಲಿಂದ ಬಂತು ಅಂತ ವಾರದಿಂದ ತಲೆ ಕೆಡಿಸ್ಕೊಂಡಿದ್ದೆ" ಎಂದು ಹೇಳಿ, ಪೆನ್ನು ತೆಗೆದು ಎರಡು ಗೆರೆಗಳ ನಡುವೆ ಪುಟ್ಟದೊಂದು ಚೀಲದ ಚಿತ್ರ ಬರೆದಳು.

ಡಾಕ್ಟರು ನಗಬಾರದೆಂದು ಬಹಳ ಕಷ್ಟಪಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಬೋರ್ಡು ಮಾತ್ರ ಅಕ್ಕ..." ಅಂದರು.

"ಗೊತ್ತು. ನೀವು ಮುಟ್ಟಬೇಡಿ. ಹಾಕಿದೋಳು ನಾನು, ನಾನೇ ತೆಗೀತೀನಿ."

ತುಕ್ಕು ಹಿಡಿದ ನಾಲ್ಕು ಸ್ಕ್ರೂ ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಸಂಜೆಯ ಬಸ್ಸಿನಲ್ಲಿ ಅವಳು ಅಮ್ಮನನ್ನು ಕರೆದುಕೊಂಡು, ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ತಮ್ಮನ ಮನೆಗೆ ಹೊರಟಳು. ಎದುರು ಸೀಟಿನವರು ಬೋರ್ಡು ಓದುತ್ತಿದ್ದರು. ಅವಳು ಅದನ್ನು ಮಗುಚಿ ಹಿಡಿದಳು.

ತಮ್ಮ ಶೆಡ್ಡಿನ ಬಾಗಿಲಲ್ಲಿ ಕೂತು ಮರಿಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಗಡ್ಡ ಅರ್ಧಕ್ಕರ್ಧ ಬೆಳ್ಳಗಾಗಿತ್ತು. ತಲೆಯೆತ್ತಿ ಅವಳನ್ನು ಕಂಡ. ಅಂದು ಸಭೆಯಲ್ಲಿ ನೋಡಿದ ಹಾಗೆಯೇ ನೋಡಿದ. ಅವಳು ಬೋರ್ಡನ್ನು ಕಂಕುಳಿನಿಂದ ಕೈಗೆ ತೆಗೆದುಕೊಂಡಳು.

"ಎಷ್ಟು ಉಳಿದ್ವು?" ಅವನೇ ಕೇಳಿದ.

"ಎಲ್ಲಾ."

ಅವನು ತಲೆಯಾಡಿಸಿ, ಬಾಯಲ್ಲಿ ಹಿಡಿದಿದ್ದ ಮೊಳೆ ತೆಗೆದು ಜೇಬಿಗೆ ಹಾಕಿದ. "ಆಸ್ಪತ್ರೇಲಿ ಇಪ್ಪತ್ತು ಜನರ ಎದುರು ಕಿರುಚಿದೆಯಂತೆ."

"ಇಪ್ಪತ್ತೇ? ಬೀದಿಗೆಲ್ಲ ಕೇಳಿಸಿದೆ." ಅವಳು ಬೋರ್ಡನ್ನು ಅವನ ಮುಂದೆ ಇಟ್ಟಳು. "ಇದು ಆವತ್ತೇ ನಿನಗೆ ಬರಬೇಕಿತ್ತು. ನಿಜ ಹೇಳಿದೋನು ನೀನು."

ತಮ್ಮ ಬೋರ್ಡನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದ, ಬೆರಳಿನಿಂದ ತಟ್ಟಿ ನೋಡಿದ.

"ಇದನ್ನ ಗೇಟಿಗೆ ಹಾಕ್ಕೊಂಡು ಯಾರಿಗೆ ತೋರಿಸ್ಲಿ? ತಗಡು ಮಾತ್ರ ಗಟ್ಟಿ ಇದೆ" ಅಂದ. ಅಕ್ಷರಗಳ ಕಡೆಯನ್ನು ಕೆಳಗೆ ಮಾಡಿ ಮರಿಪೆಟ್ಟಿಗೆಯ ಮೇಲೆ ಇಟ್ಟ. ಎರಡು ಬೆರಳಿನಷ್ಟು ಹೊರಗೆ ಚಾಚಿಕೊಂಡಿದ್ದು ಬಿಟ್ಟರೆ ಮುಚ್ಚಳ ಸರಿಯಾಗಿಯೇ ಕೂತಿತು. "ಹಿಡ್ಕೋ ಆ ಕಡೆ, ಅಲುಗಾಡದ ಹಾಗೆ."

ಅವಳು ಕುಕ್ಕರಗಾಲಲ್ಲಿ ಕೂತು ಹಿಡಿದುಕೊಂಡಳು. ಅವನು ಮೊದಲ ಮೊಳೆ ಹೊಡೆದ. ಶೆಡ್ಡಿನೊಳಗಿನ ಮೊಲಗಳು ಬೆಚ್ಚಿ ಕಾಲು ಬಡಿದವು.

"ಮೆಲ್ಲಗೆ ಹೊಡೆಯೋ, ಬೆನ್ನು ಮುರ್ಕೋತವೆ" ಎಂದು ಮೊಲದಕ್ಕ ಪಿಸುಗುಟ್ಟಿದಳು.